ಆನ್ ಮತ್ತು ಆಫ್ ನಡುವಿನ ಕ್ಷಣ: ಸ್ವಿಚಿಂಗ್ ಕುರಿತ ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ (ಹಾವೇರಿ): ತೋಟದ ತ್ರೀ ಫೇಸ್ ಪಂಪ್‌ಸೆಟ್‌ನ ಸ್ಟಾರ್ಟರನ್ನು ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಬೋರ್ಡ್ ಮತ್ತು 5 ವೋಲ್ಟಿನ ನೀಲಿ ರಿಲೇ ಇಟ್ಟು ಮೊಬೈಲಿನಿಂದ ಓಡಿಸುತ್ತಿದ್ದೇನೆ. ಆನ್ ಆಗುವಾಗ ತೊಂದರೆ ಇಲ್ಲ, ಆಫ್ ಮಾಡಿದಾಗ ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಎರಡು ರಿಲೇಗಳ ಕಾಂಟ್ಯಾಕ್ಟ್ ಅಂಟಿಕೊಂಡು ಕೆಟ್ಟವು. ಬೋರ್ಡ್ ಬದಲಿಸಿದರೂ ಅದೇ ಕಥೆ.

ಉತ್ತರ: ಬೋರ್ಡಿನಲ್ಲಿ ದೋಷವಿಲ್ಲ, ಅದನ್ನು ಮತ್ತೆ ಬದಲಿಸಬೇಡಿ. ನಿಮ್ಮ ರಿಲೇ ಆಡಿಸುತ್ತಿರುವುದು ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ (ಮೋಟರಿಗೆ ವಿದ್ಯುತ್ ಕೊಡುವ ಕಾಂತದ ಸ್ವಿಚ್) ಕಾಯಿಲ್ಲನ್ನು. ಕಾಯಿಲ್ಲಿನಲ್ಲಿ ಹರಿಯುತ್ತಿರುವ ಕರೆಂಟ್ ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ರಿಲೇ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುವಾಗ ಕಾಯಿಲ್ ತನ್ನ ತುದಿಗಳ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸಿ, ಕೂದಲೆಳೆಯಷ್ಟು ಗಾಳಿಯ ಸಂದಿನಲ್ಲಿ ಕಿಡಿ ಹಾರಿಸುತ್ತದೆ. ಕಿಡಿ ಆರುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಕಿಡಿ. ಕಣ್ಣು ಮಿಟುಕಿಸುವುದರೊಳಗೆ ಹೀಗೆ ಹತ್ತಾರು ಸಲ ಆಗುತ್ತದೆ. ಪ್ರತಿ ಕಿಡಿಯೂ ಸಣ್ಣ ರೇಡಿಯೊ ಟ್ರಾನ್ಸ್‌ಮಿಟರ್ ಇದ್ದಂತೆ. ಪಕ್ಕದಲ್ಲೇ ಹಾದ ಸಿಗ್ನಲ್ ವೈರು ಅದನ್ನು ಹಿಡಿದು ಬೋರ್ಡಿಗೆ ಒಯ್ಯುತ್ತದೆ.

ಖಚಿತಪಡಿಸಿಕೊಳ್ಳಲು ಸುಲಭದ ದಾರಿ ಇದೆ. ಕಾಂಟ್ಯಾಕ್ಟರ್ ತೆಗೆದು, ಅದೇ ರಿಲೇಗೆ 230 ವೋಲ್ಟಿನ ಹಳೆಯ 60 ವಾಟ್ ಬುರುಡೆ ಬಲ್ಬನ್ನು (ಎರಡು ಫೇಸ್ ನಡುವೆ ಅಲ್ಲ, ಫೇಸ್ ಮತ್ತು ನ್ಯೂಟ್ರಲ್ ನಡುವೆ) ಜೋಡಿಸಿ ಇಪ್ಪತ್ತು ಸಲ ಆನ್-ಆಫ್ ಮಾಡಿ. ರೀಸ್ಟಾರ್ಟ್ ಆಗದಿದ್ದರೆ ತಪ್ಪು ಕಾಯಿಲ್ಲಿನದೇ.

ಪರಿಹಾರಕ್ಕೆ ಮೊದಲು ಕಾಯಿಲ್ಲಿನ ಮೇಲೆ ಬರೆದಿರುವ ವೋಲ್ಟೇಜ್ ಓದಿ. ಪಂಪ್‌ಸೆಟ್ ಸ್ಟಾರ್ಟರುಗಳಲ್ಲಿ ಅದು ಬಹುಪಾಲು 415 ವೋಲ್ಟ್, ಅಂದರೆ ಎರಡು ಫೇಸ್‌ಗಳ ನಡುವೆ ಕೂತಿರುತ್ತದೆ. ನೀಲಿ ರಿಲೇಯ ಮಿತಿ 250 ವೋಲ್ಟ್ ಎಸಿ. ಕಾಂಟ್ಯಾಕ್ಟ್ ಅಂಟಲು ಇದೇ ದೊಡ್ಡ ಕಾರಣ ಇರಬಹುದು, ಮತ್ತು ಇದು ಅಪಾಯಕಾರಿ. ನ್ಯೂಟ್ರಲ್ ಇದ್ದರೆ 230 ವೋಲ್ಟ್ ಕಾಯಿಲ್ಲಿನ ಸಣ್ಣ ಆಕ್ಸಿಲರಿ ಕಾಂಟ್ಯಾಕ್ಟರನ್ನು ನಡುವೆ ಇಡಿ. ರಿಲೇ ಅದನ್ನು ಆಡಿಸಲಿ, ಅದು 415 ವೋಲ್ಟನ್ನು ಆಡಿಸಲಿ. ಓವರ್‌ಲೋಡ್ ರಿಲೇ ಮತ್ತು ಸ್ಟಾಪ್ ಬಟನ್ ಸರಣಿಯಲ್ಲೇ ಉಳಿಯಬೇಕು, ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ. ಈ ಕೆಲಸ ಮೇನ್ ಇಳಿಸಿ, ಟೆಸ್ಟರಿನಲ್ಲಿ ನೋಡಿದ ಮೇಲೆಯೇ.

ನಂತರ ಆ 230 ವೋಲ್ಟ್ ಕಾಯಿಲ್ಲಿನ ಎರಡು ತುದಿಗೆ ಸ್ನಬ್ಬರ್ (ವೋಲ್ಟೇಜಿನ ದಿಢೀರ್ ಏರಿಕೆ ತಗ್ಗಿಸುವ ಜೋಡಣೆ) ಹಾಕಿ: 100 ಓಮ್ 2 ವಾಟ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್, 275 ವೋಲ್ಟ್ ಎಸಿ, ಎಕ್ಸ್2 ಗುರುತಿನ ಕೆಪಾಸಿಟರ್, ಎರಡೂ ಸರಣಿಯಲ್ಲಿ. ಜೊತೆಗೆ 275 ವೋಲ್ಟ್ ಎಸಿಯ ಎಂಒವಿ (ಅತಿ ವೋಲ್ಟೇಜನ್ನು ತಾನೇ ನುಂಗುವ ಬಿಡಿಭಾಗ). 415 ವೋಲ್ಟ್ ಕಾಯಿಲ್ಲಿಗೂ ಹಾಕುವುದಾದರೆ 440 ವೋಲ್ಟ್ ಎಸಿ ಕೆಪಾಸಿಟರ್ ಮತ್ತು 510 ವೋಲ್ಟಿನ ಎಂಒವಿ ಬೇಕು. ಸ್ನಬ್ಬರನ್ನು ರಿಲೇ ಕಾಂಟ್ಯಾಕ್ಟಿನ ಮೇಲೆ ಹಾಕುವವರಿದ್ದಾರೆ. 50 ಹರ್ಟ್ಸ್‌ನಲ್ಲಿ 0.1 ಮೈಕ್ರೊಫ್ಯಾರಡ್ ಸುಮಾರು 32 ಕಿಲೋಓಮ್ ಆಗುವುದರಿಂದ, ರಿಲೇ ಆಫ್ ಇದ್ದರೂ 7 ಮಿಲಿಆಂಪಿಯರ್ ಸೋರುತ್ತದೆ. ಅಷ್ಟಕ್ಕೇ ಕೆಲವು ಸಣ್ಣ ಕಾಂಟ್ಯಾಕ್ಟರುಗಳು ಬಿಟ್ಟುಕೊಳ್ಳದೆ ಗುಂಯ್‌ಗುಟ್ಟುತ್ತವೆ. ಕಾಯಿಲ್ಲಿನ ಮೇಲೆಯೇ ಹಾಕಿ. ಡಯೋಡ್ ಮಾತ್ರ ಬೇಡ. ರಿಲೇ ಬೋರ್ಡಿನಲ್ಲಿರುವ ಡಯೋಡ್ ರಿಲೇಯ ಸ್ವಂತ ಡಿಸಿ ಕಾಯಿಲ್ಲಿಗಷ್ಟೇ. ಎಸಿ ಕಾಯಿಲ್ಲಿಗೆ ಹಾಕಿದರೆ ಪ್ರತಿ ಸೈಕಲ್ಲಿನ ಒಂದರ್ಧದಲ್ಲಿ ಶಾರ್ಟ್.

ಲೋ ವೋಲ್ಟೇಜಿನ ಹೊತ್ತಿನಲ್ಲೂ ಎಚ್ಚರ ಬೇಕು. ಕಾಂಟ್ಯಾಕ್ಟರ್ ಎಳೆದುಕೊಳ್ಳುವ ಖಾತರಿ ಇರುವುದು ಕಾಯಿಲ್ ವೋಲ್ಟೇಜಿನ ಶೇ. 85ರವರೆಗೆ. ಅದಕ್ಕಿಂತ ಇಳಿದರೆ ಆರ್ಮೇಚರ್ (ಕಾಯಿಲ್ ಎಳೆಯುವ ಕಬ್ಬಿಣದ ಭಾಗ) ಅರ್ಧಕ್ಕೆ ಬಂದು ನಡುಗುತ್ತದೆ, ಕಾಯಿಲ್ ಹಿಡಿದಿಡುವ ಕರೆಂಟಿನ ಹಲವು ಪಟ್ಟು ಎಳೆಯುತ್ತಲೇ ಇರುತ್ತದೆ. ವೋಲ್ಟೇಜ್ ಅಳೆದು, ಕಡಿಮೆ ಇದ್ದರೆ ಆನ್ ಆಗದಂತೆ ಪ್ರೋಗ್ರಾಮಿನಲ್ಲೇ ತಡೆಯಿರಿ.

ಪ್ರಶ್ನೆ (ತುಮಕೂರು, ಡಿಪ್ಲೊಮಾ ವಿದ್ಯಾರ್ಥಿ): 24 ವೋಲ್ಟ್, 5 ಆಂಪಿಯರ್ ಡಿಸಿ ಮೋಟರಿನ ವೇಗವನ್ನು ಆರ್ಡುಯಿನೊ ಮತ್ತು ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ ಟ್ರಾನ್ಸಿಸ್ಟರಿನಿಂದ ನಿಯಂತ್ರಿಸುತ್ತಿದ್ದೆ. ಸೆಕೆಂಡಿಗೆ 490 ಸಲ (490 ಹರ್ಟ್ಸ್) ಆನ್-ಆಫ್ ಮಾಡಿದಾಗ ಮೋಟರ್ ಕೀರಲು ಸದ್ದು ಮಾಡುತ್ತಿತ್ತು. 20 ಕಿಲೋಹರ್ಟ್ಸ್‌ಗೆ ಏರಿಸಿದೆ, ಸದ್ದು ನಿಂತಿತು, ಒಂದೆರಡು ನಿಮಿಷಕ್ಕೆ ಮಾಸ್‌ಫೆಟ್ ಸುಟ್ಟಿತು. ಗೇಟಿಗೆ 220 ಓಮ್ ಇದೆ. ಕರೆಂಟ್ ಅಷ್ಟೇ ಇದ್ದರೂ ಸುಟ್ಟಿದ್ದೇಕೆ?

ಉತ್ತರ: ಕರೆಂಟ್ ಅಷ್ಟೇ ಇದೆ. ಆದರೆ ಮಾಸ್‌ಫೆಟ್ ಒಂದು ಸೆಕೆಂಡಿನಲ್ಲಿ ಆನ್‌ನಿಂದ ಆಫ್‌ಗೆ ದಾಟುವ ಸಂಖ್ಯೆ ನಲವತ್ತು ಪಟ್ಟಾಗಿದೆ. ಪೂರ್ತಿ ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಇಲ್ಲ, ಪೂರ್ತಿ ಆಫ್ ಇದ್ದಾಗ ಕರೆಂಟ್ ಇಲ್ಲ. ದಾಟುವ ಹೊತ್ತಿನಲ್ಲಿ ಎರಡೂ ಇರುತ್ತವೆ. ಸುಟ್ಟಿದ್ದು ಅಲ್ಲಿ.

ಲೆಕ್ಕ ಹಾಕೋಣ. ಮಾಸ್‌ಫೆಟ್ಟನ್ನು ಆನ್-ಆಫ್ ಮಾಡುವ ಕಾಲಾದ ಗೇಟ್ ಎಂದರೆ ತುಂಬಬೇಕಾದ ಒಂದು ಕೆಪಾಸಿಟರ್. ತುಂಬುವಾಗ ಅದರ ವೋಲ್ಟೇಜ್ ಸುಮಾರು 3 ವೋಲ್ಟಿಗೆ ಬಂದು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ಡ್ರೈನಿನ (ಮೋಟರ್ ಜೋಡಿಸಿದ ಕಾಲಿನ) ವೋಲ್ಟೇಜ್ ಇಳಿಯುವುದು ಆಗಲೇ, ಮತ್ತು ಗೇಟಿಗೆ ಕೊಟ್ಟ ಚಾರ್ಜೆಲ್ಲ ಡ್ರೈನ್-ಗೇಟ್ ಕೆಪಾಸಿಟೆನ್ಸಿಗೆ ಹೋಗುತ್ತದೆ. ಇದನ್ನು ಮಿಲ್ಲರ್ ಪ್ಲಾಟೊ ಎನ್ನುತ್ತಾರೆ. ನಿಮ್ಮ ಮಾಸ್‌ಫೆಟ್‌ನಲ್ಲಿ ಈ ಹಂತಕ್ಕೆ ಬೇಕಾದ ಚಾರ್ಜ್ 25 ನ್ಯಾನೊಕೂಲಂವರೆಗೆ. 220 ಓಮ್ ಮೂಲಕ ಸಿಗುವ ಕರೆಂಟ್ (5−3)/220, ಅಂದರೆ 9 ಮಿಲಿಆಂಪಿಯರ್. ಹಾಗಾಗಿ ಆನ್ ಆಗಲು ಸುಮಾರು 2.8 ಮೈಕ್ರೊಸೆಕೆಂಡ್. ಆಫ್ ಆಗುವಾಗ 3 ವೋಲ್ಟ್ ಸೊನ್ನೆಯತ್ತ ಹರಿಯುವುದರಿಂದ 13.6 ಮಿಲಿಆಂಪಿಯರ್, ಸುಮಾರು 1.8 ಮೈಕ್ರೊಸೆಕೆಂಡ್. ನಷ್ಟ = ½ × 24 × 5 × 4.6 ಮೈಕ್ರೊಸೆಕೆಂಡ್ × 20,000, ಅಂದರೆ ಸುಮಾರು 5.5 ವಾಟ್. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜು ಪ್ರತಿ ವಾಟಿಗೆ 62 ಡಿಗ್ರಿ ಬಿಸಿಯೇರುತ್ತದೆ. ಇಷ್ಟು ಶಾಖವನ್ನು ಅದು ತಡೆಯುವ ಮಾತೇ ಇಲ್ಲ. 490 ಹರ್ಟ್ಸ್‌ನಲ್ಲಿ ಇದೇ ನಷ್ಟ 0.14 ವಾಟ್ ಇತ್ತು, ನಿಮಗೆ ಗೊತ್ತಾಗಲಿಲ್ಲ.

220 ಓಮನ್ನು ಕಡಿಮೆ ಮಾಡಿ ಬಚಾವಾಗುವುದು ಬೇಡ. ಆರ್ಡುಯಿನೊ ಪಿನ್ ಕೊಡಬೇಕಾದದ್ದು 20 ಮಿಲಿಆಂಪಿಯರ್, 40 ಅದರ ಕೊನೆಯ ಮಿತಿ. ಗೇಟ್ ಡ್ರೈವರ್ ಹಾಕಿ. ಟಿಸಿ4427 ಅಗ್ಗದ್ದು, 4.5ರಿಂದ 18 ವೋಲ್ಟಿನಲ್ಲಿ ಓಡುತ್ತದೆ, ಕ್ಷಣಕಾಲ 1.5 ಆಂಪಿಯರ್ ಕೊಡುತ್ತದೆ. ಅದಕ್ಕೆ 12 ವೋಲ್ಟ್ ಕೊಟ್ಟು ಗೇಟಿಗೆ 10 ಓಮ್ ಇಡಿ. ಡ್ರೈವರಿನ ಒಳಗಿನ ರೋಧ ಸೇರಿಸಿ 17 ಓಮ್ ಎಂದು ಹಿಡಿದರೂ ಎರಡೂ ದಾಟು ಸೇರಿ ಸುಮಾರು 190 ನ್ಯಾನೊಸೆಕೆಂಡ್, ನಷ್ಟ 0.23 ವಾಟ್. ಆನ್ ಇದ್ದಾಗಿನ 22 ಮಿಲಿಓಮ್‌ನ ನಷ್ಟ 0.55 ವಾಟ್. ಒಟ್ಟು 0.8 ವಾಟಿಗೆ ಚಿಕ್ಕ ಹೀಟ್‌ಸಿಂಕ್ ಧಾರಾಳ. ಡ್ರೈವರಿನ ಕಾಲಿಗೆ ತಾಗಿಸಿಯೇ 1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೇಕು. ಡ್ರೈವರಿನ ಇನ್‌ಪುಟ್‌ನಿಂದ ನೆಲಕ್ಕೆ 10 ಕಿಲೋಓಮ್ ಹಾಕಿ, ಇಲ್ಲದಿದ್ದರೆ ಆರ್ಡುಯಿನೊ ಬೂಟ್ ಆಗುವಾಗ ಮೋಟರ್ ಎಗರುತ್ತದೆ.

ಇನ್ನು ಎದುರಾಗುವುದು ವೇಗದ ತೊಂದರೆ. ಬ್ರೆಡ್‌ಬೋರ್ಡಿನಲ್ಲಿ ಸಪ್ಲೈ, ಮೋಟರಿಗೆ ಅಡ್ಡಲಾಗಿ ಹಾಕುವ ಡಯೋಡ್, ಮಾಸ್‌ಫೆಟ್ ಸುತ್ತಿ ಬರುವ ತಂತಿ 10 ಸೆಂಟಿಮೀಟರ್ ಇದ್ದರೂ ಅದರ ಇಂಡಕ್ಟೆನ್ಸ್ ಸುಮಾರು 100 ನ್ಯಾನೊಹೆನ್ರಿ. 5 ಆಂಪಿಯರ್ 20 ನ್ಯಾನೊಸೆಕೆಂಡಿನಲ್ಲಿ ಕಡಿದರೆ ಆ ತಂತಿ ಒಂದೇ 25 ವೋಲ್ಟ್ ಹುಟ್ಟಿಸುತ್ತದೆ. 24ಕ್ಕೆ ಸೇರಿಸಿದರೆ 49. ನಿಮ್ಮ ಮಾಸ್‌ಫೆಟ್‌ನ ಮಿತಿ 55. ಆದ್ದರಿಂದ ಡಯೋಡಿನ ಕ್ಯಾಥೋಡ್ ಮತ್ತು ಮಾಸ್‌ಫೆಟ್‌ನ ಸೋರ್ಸ್ (ನೆಲಕ್ಕೆ ಸೇರಿದ ಕಾಲು) ನಡುವೆ, ಸಾಧ್ಯವಾದಷ್ಟು ಹತ್ತಿರದಲ್ಲಿ, 470 ಮೈಕ್ರೊಫ್ಯಾರಡ್ ಲೋ-ಇಎಸ್‌ಆರ್ ಮತ್ತು 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಇಡಿ. ಮೋಟರಿನ ತಂತಿ ಉದ್ದ ಇರಲಿ, ಈ ಸುತ್ತು ಮಾತ್ರ ಚಿಕ್ಕದಿರಬೇಕು.

ಮೋಟರಿನ ಮೇಲೆ 1ಎನ್4007 ಹಾಕಿದ್ದರೆ ತೆಗೆಯಿರಿ. ಅದು 1 ಆಂಪಿಯರಿನದು. ಅದಕ್ಕಿಂತ ಮುಖ್ಯವಾಗಿ, ನಡೆಸುತ್ತಿದ್ದಾಗ ಒಳಗೆ ತುಂಬಿಕೊಂಡ ಚಾರ್ಜು ಖಾಲಿಯಾಗಲು ಮೈಕ್ರೊಸೆಕೆಂಡುಗಳೇ ಬೇಕು. ಅಷ್ಟರಲ್ಲಿ ಮಾಸ್‌ಫೆಟ್ ಆನ್ ಆದರೆ 24 ವೋಲ್ಟ್ ನೇರ ಡಯೋಡಿನ ಮೂಲಕ ಹಿಮ್ಮುಖ ಹರಿಯುತ್ತದೆ. 60 ವೋಲ್ಟ್, 10 ಆಂಪಿಯರಿನ ಎಂಬಿಆರ್1060 ಶಾಟ್ಕಿ ಹಾಕಿ. ಅದರಲ್ಲಿ ಹಾಗೆ ಚಾರ್ಜು ಕೂತಿರುವುದಿಲ್ಲ.

ಆಸಿಲೋಸ್ಕೋಪಿನಲ್ಲಿ ನೋಡುವಾಗ ಪ್ರೋಬಿನ ಉದ್ದ ಮೊಸಳೆ ಕ್ಲಿಪ್ಪನ್ನು ನಂಬಬೇಡಿ. ಆ ತಂತಿಯ ಕುಣಿಕೆಯೇ ಕಾಂತಕ್ಷೇತ್ರ ಹಿಡಿದು, ಇಲ್ಲದ ರಿಂಗಿಂಗ್ (ವೋಲ್ಟೇಜಿನ ಕಂಪನ) ತೋರಿಸುತ್ತದೆ. ಪ್ರೋಬಿನ ಟೋಪಿ ತೆಗೆದು, ಮೂತಿಯ ಬಳಿಯ ಲೋಹದ ಉಂಗುರಕ್ಕೆ ಸಣ್ಣ ಸ್ಪ್ರಿಂಗ್ ಸಿಕ್ಕಿಸಿ, ಸೋರ್ಸ್ ಕಾಲಿಗೇ ತಾಗಿಸಿ. ಅದೇ ಅಲೆ ಅರ್ಧಕ್ಕರ್ಧ ಶಾಂತವಾಗುವುದು ಕಾಣುತ್ತದೆ. ಉಳಿದದ್ದು ನಿಜವಾದ ರಿಂಗಿಂಗ್. ಅದು 50 ವೋಲ್ಟ್ ದಾಟುತ್ತಿದ್ದರೆ ಗೇಟ್ ರೆಸಿಸ್ಟರನ್ನು 22 ಓಮ್‌ಗೆ ಏರಿಸಿ.

ಪ್ರಶ್ನೆ (ಉಡುಪಿ, ಹ್ಯಾಮ್ ಲೈಸೆನ್ಸ್ ಇದೆ): 7 ಮೆಗಾಹರ್ಟ್ಸ್, 5 ವಾಟ್ ಟ್ರಾನ್ಸೀವರ್ ಕಟ್ಟುತ್ತಿದ್ದೇನೆ. ಮೋರ್ಸ್ ಕಳಿಸುವಾಗ, ಆಂಟೆನಾವನ್ನು ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ನಡುವೆ ಬದಲಿಸುವ ರಿಲೇ ಟಕಟಕ ಎನ್ನುತ್ತದೆ. ಅದರ ಬದಲು ರೇಡಿಯೊ ಸಿಗ್ನಲನ್ನು ಸದ್ದಿಲ್ಲದೆ ಸ್ವಿಚ್ ಮಾಡುವ ಪಿನ್ ಡಯೋಡ್ ಸಿಗುತ್ತಿಲ್ಲ. 1ಎನ್4007 ಆಗುತ್ತದೆ, 1ಎನ್4148 ಆಗುವುದಿಲ್ಲ ಎನ್ನುತ್ತಾರೆ. ನಿಧಾನದ ಡಯೋಡ್ ರೇಡಿಯೊಗೆ ಹೇಗೆ ಆಗುತ್ತದೆ?

ಉತ್ತರ: ನಿಧಾನ ಎನ್ನುವ ಕಾರಣಕ್ಕೇ ಆಗುತ್ತದೆ. ಮೇಲಿನ ಉತ್ತರದಲ್ಲಿ ದೋಷವಾಗಿದ್ದ ಆ ತುಂಬಿಕೊಂಡ ಚಾರ್ಜು ಇಲ್ಲಿ ನಿಮ್ಮ ಬಂಡವಾಳ.

5 ವಾಟ್, 50 ಓಮ್‌ನಲ್ಲಿ ರೇಡಿಯೊ ಕರೆಂಟಿನ ತುದಿ 0.45 ಆಂಪಿಯರ್. ಅರ್ಧ ಸೈಕಲ್ಲಿನಲ್ಲಿ ಅದು ಎಳೆದುಕೊಳ್ಳಬಲ್ಲ ಚಾರ್ಜ್ ಸುಮಾರು 20 ನ್ಯಾನೊಕೂಲಂ. ಡಯೋಡಿನಲ್ಲಿ 50 ಮಿಲಿಆಂಪಿಯರ್ ಡಿಸಿ ಹರಿಸಿ, ಚಾರ್ಜಿನ ಆಯಸ್ಸು 2 ಮೈಕ್ರೊಸೆಕೆಂಡ್ ಎಂದು ಇಟ್ಟುಕೊಂಡರೂ ಒಳಗೆ 100 ನ್ಯಾನೊಕೂಲಂ ಇರುತ್ತದೆ. ರೇಡಿಯೊ ಅಲೆ ಅದನ್ನು ಖಾಲಿ ಮಾಡುವಷ್ಟರಲ್ಲಿ ಸೈಕಲ್ ತಿರುಗಿರುತ್ತದೆ, ಡಯೋಡ್ ಆನ್ ಆಗಿಯೇ ಉಳಿಯುತ್ತದೆ. 1ಎನ್4148ರಲ್ಲಿ ಆಯಸ್ಸು ಕೆಲವೇ ನ್ಯಾನೊಸೆಕೆಂಡ್, ಚಾರ್ಜು 0.2 ನ್ಯಾನೊಕೂಲಂ. ಅದು ಪ್ರತಿ ಸೈಕಲ್ಲಿಗೂ ಆಫ್ ಆಗಿ ರೆಕ್ಟಿಫೈಯರ್ ಆಗುತ್ತದೆ, ಹಾರ್ಮೋನಿಕ್ ಉಗುಳುತ್ತದೆ.

ಜೋಡಣೆ ಹೀಗಿರಲಿ. ಟ್ರಾನ್ಸ್‌ಮಿಟರಿನಿಂದ ಆಂಟೆನಾ ಬಿಂದುವಿಗೆ ಸರಣಿಯಲ್ಲಿ ಒಂದು ಡಯೋಡ್. ಅಲ್ಲಿಂದ ರಿಸೀವರಿಗೆ ಕಾಲು ಅಲೆಯುದ್ದದ ಜಾಲ, ಅದರ ರಿಸೀವರ್ ತುದಿಯಲ್ಲಿ ನೆಲಕ್ಕೆ ಇನ್ನೊಂದು ಡಯೋಡ್. ಜಾಲಕ್ಕೆ ಆರ್‌ಜಿ-58 ಕೇಬಲ್ಲಾದರೆ 7 ಮೀಟರ್ ಬೇಕು. ಅದರ ಬದಲು 1.1 ಮೈಕ್ರೊಹೆನ್ರಿ (ಟಿ50-2 ಟೊರಾಯ್ಡಿನ ಮೇಲೆ 15 ಸುತ್ತು) ಮತ್ತು ಅದರ ಎರಡೂ ತುದಿಯಿಂದ ನೆಲಕ್ಕೆ 470 ಪಿಕೊಫ್ಯಾರಡ್ ಎನ್‌ಪಿ0 ಬಗೆಯ ಕೆಪಾಸಿಟರ್ ಸಾಕು. 12 ವೋಲ್ಟಿನಿಂದ 220 ಓಮ್ 1 ವಾಟ್, ಆಮೇಲೆ 100 ಮೈಕ್ರೊಹೆನ್ರಿ ಚೋಕ್, ಅಲ್ಲಿಂದ ಮೊದಲ ಡಯೋಡ್, ಕಾಯಿಲ್, ಎರಡನೇ ಡಯೋಡ್, ನೆಲ. ಒಂದೇ ಕರೆಂಟ್ ಎರಡನ್ನೂ ಆನ್ ಮಾಡುತ್ತದೆ. ಟ್ರಾನ್ಸ್‌ಮಿಟರ್, ಆಂಟೆನಾ, ರಿಸೀವರ್ ಮೂರಕ್ಕೂ 0.01 ಮೈಕ್ರೊಫ್ಯಾರಡ್ ಮೂಲಕ ಹೋಗಿ. ಕಳಿಸುವಾಗ ಎರಡೂ ಡಯೋಡ್ ಆನ್ ಇರುವುದರಿಂದ ಯಾವುದೂ ಹಿಮ್ಮುಖ ವೋಲ್ಟೇಜ್ ತಡೆಯಬೇಕಿಲ್ಲ. ಲೋ-ಪಾಸ್ ಫಿಲ್ಟರನ್ನು ಸ್ವಿಚ್ ಮತ್ತು ಆಂಟೆನಾ ನಡುವೆಯೇ ಇಡಿ.

ಪ್ರಶ್ನೆ (ಕಲಬುರಗಿ, ಎಂಎಸ್‌ಸಿ ಭೌತಶಾಸ್ತ್ರ): ಐಟಿಒ (ವಿದ್ಯುತ್ ಹರಿಯುವ ಪಾರದರ್ಶಕ ಪದರದ) ಗಾಜಿನ ಮೇಲೆ ಝಿಂಕ್ ಆಕ್ಸೈಡ್ ಸ್ಪಿನ್ ಕೋಟ್ ಮಾಡಿ, ಮೇಲೆ ಸಿಲ್ವರ್ ಪೇಸ್ಟ್ ಇಟ್ಟು ಮೆಮ್ರಿಸ್ಟರ್ (ತನ್ನ ರೋಧವನ್ನು ನೆನಪಿಟ್ಟುಕೊಳ್ಳುವ ಸಾಧನ) ಮಾಡುತ್ತಿದ್ದೇನೆ. ಒಂದೆರಡು ವೋಲ್ಟೇಜ್ ಸ್ವೀಪಿನಲ್ಲಿ ಕರೆಂಟಿನ ನಕ್ಷೆ ಚೆನ್ನಾಗಿ ಕುಣಿಕೆಯಾಗಿ ಬರುತ್ತದೆ, ಆಮೇಲೆ ಶಾಶ್ವತ ಶಾರ್ಟ್. ಕಂಪ್ಲಯನ್ಸ್ (ಉಪಕರಣದ ಕರೆಂಟ್ ಮಿತಿ) 1 ಮಿಲಿಆಂಪಿಯರ್ ಇಟ್ಟಿದ್ದೇನೆ.

ಉತ್ತರ: ಗಾಜಿನಂಥ ಚಾಲ್ಕೊಜನೈಡ್ ಪದರ ಸ್ವಿಚ್ ಆಗುವುದನ್ನು ಓವ್‌ಶಿನ್‌ಸ್ಕಿ 1968ರಲ್ಲಿ ತೋರಿಸಿದರು. ಮೆಮ್ರಿಸ್ಟರ್ ಎಂಬ ಕಲ್ಪನೆಯನ್ನು ಲಿಯೊನ್ ಚುವಾ 1971ರಲ್ಲಿ ಮುಂದಿಟ್ಟರು. ಟೈಟಾನಿಯಂ ಡೈಆಕ್ಸೈಡ್ ಸಾಧನವನ್ನು ಅದರೊಂದಿಗೆ ಎಚ್‌ಪಿ ಪ್ರಯೋಗಾಲಯ ಜೋಡಿಸಿದ್ದು 2008ರಲ್ಲಿ. ನಿಮ್ಮ ಸಾಧನದಲ್ಲಿ ನಡೆಯುವುದು ಬೇರೆ: ಬೆಳ್ಳಿಯ ಅಯಾನುಗಳು ಆಕ್ಸೈಡಿನೊಳಗೆ ಸರಿದು ಎಳೆ ಕಟ್ಟುತ್ತವೆ. ಎಳೆ ಕೂಡಿದರೆ ಆನ್, ಹಿಮ್ಮುಖ ವೋಲ್ಟೇಜಿಗೆ ಕರಗಿದರೆ ಆಫ್. ಎಳೆ ದಪ್ಪಗಾದರೆ ಮತ್ತೆ ಕರಗುವುದಿಲ್ಲ, ನಿಮಗಾಗಿರುವುದು ಅದೇ.

ಉಪಕರಣದ ಕಂಪ್ಲಯನ್ಸ್ ಮಿತಿ ಎಚ್ಚರಗೊಳ್ಳಲು ಮೈಕ್ರೊಸೆಕೆಂಡುಗಳು ಬೇಕು, ಎಳೆ ಕೂಡಲು ಅಷ್ಟು ಬೇಕಿಲ್ಲ. 1 ಮೀಟರ್ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ಸುಮಾರು 100 ಪಿಕೊಫ್ಯಾರಡ್ ಇದೆ. 3 ವೋಲ್ಟಿನಲ್ಲಿ ಅದು 0.3 ನ್ಯಾನೊಕೂಲಂ ಹಿಡಿದಿರುತ್ತದೆ. ಎಳೆ ಕೂಡಿದ 10 ನ್ಯಾನೊಸೆಕೆಂಡಿನಲ್ಲಿ ಅದೆಲ್ಲ ಸಾಧನದೊಳಕ್ಕೆ ಸುರಿದರೆ 30 ಮಿಲಿಆಂಪಿಯರ್. ಪರದೆಯಲ್ಲಿ ನಿಮಗೆ ಕಾಣುವುದು 1.

ಸಾಧನದಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ, ಪ್ರೋಬಿನ ತುದಿಯಲ್ಲೇ, 4.7 ಕಿಲೋಓಮ್ ಬೆಸುಗೆ ಹಾಕಿ. ಆಗ 3 ವೋಲ್ಟಿಗೆ 0.64 ಮಿಲಿಆಂಪಿಯರ್ ದಾಟಲು ದಾರಿಯೇ ಇಲ್ಲ. ಸಾಧನದ ವೋಲ್ಟೇಜ್ ಬರೆದುಕೊಳ್ಳುವಾಗ ರೆಸಿಸ್ಟರಿನ ಪಾಲನ್ನು ಕಳೆಯಿರಿ. ಕಂಪ್ಲಯನ್ಸನ್ನು 10 ಮೈಕ್ರೊಆಂಪಿಯರಿನಿಂದ ಆರಂಭಿಸಿ. ತೀರಾ ಕಡಿಮೆಯಾದರೆ ತೆಳ್ಳನೆಯ ಎಳೆ ತಾನಾಗಿಯೇ ಕರಗಿ ನೆನಪು ಉಳಿಯುವುದಿಲ್ಲ, ಅಲ್ಲಿಂದ 100 ಮೈಕ್ರೊಆಂಪಿಯರಿನವರೆಗೆ ಹೆಜ್ಜೆಹೆಜ್ಜೆಯಾಗಿ ಏರಿಸಿ. ಪೇಸ್ಟಿನ ದ್ರಾವಕ ಪದರದ ಸೂಜಿರಂಧ್ರಗಳಿಗೆ ಇಳಿಯುತ್ತದೆ. ಆಕ್ಸೈಡಿನ ಎರಡು-ಮೂರು ಕೋಟ್ ಕೊಟ್ಟು, ಪ್ರತಿ ಸಲ ಒಣಗಿಸಿ. ಸಾಧ್ಯವಾದರೆ ಬೆಳ್ಳಿಯನ್ನು ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿ.

ಎಳೆಯ ಆನ್-ಆಫ್ ಬದಲು ಅವೆರಡರ ನಡುವಿನ ಸ್ಥಿತಿಗಳನ್ನೇ ಬಳಸಬಹುದೇ ಎಂಬುದು ಈಗಿನ ಸಂಶೋಧನೆಯ ದೊಡ್ಡ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2024ರಲ್ಲಿ ಅಣುಗಳ ಪದರವೊಂದರಲ್ಲಿ 16,500 ಬಿಡಿಬಿಡಿ ವಾಹಕತೆಯ ಮಟ್ಟಗಳನ್ನು, ಅಂದರೆ 14 ಬಿಟ್‌ನಷ್ಟು, ಪ್ರಕಟಿಸಿತು. ಹತ್ತಿರದಲ್ಲೇ ನಡೆದ ಕೆಲಸ, ಓದಲೇಬೇಕು.

ನಿಮ್ಮ ಕುಣಿಕೆ ನಿಜವಾದ ನೆನಪೇ ಎಂದು ಮೊದಲು ಪರೀಕ್ಷಿಸಿ. ಸ್ವೀಪಿನ ವೇಗ ಹತ್ತು ಪಟ್ಟು ಬದಲಿಸಿ. ಕುಣಿಕೆಯ ಅಗಲ ಅದರ ಜೊತೆ ಕುಗ್ಗಿ ಹಿಗ್ಗಿದರೆ, ಸೊನ್ನೆ ವೋಲ್ಟಿನಲ್ಲೂ ಕರೆಂಟ್ ಉಳಿದಿದ್ದರೆ, ನೀವು ಅಳೆಯುತ್ತಿರುವುದು ಬಹುಶಃ ಕೆಪಾಸಿಟೆನ್ಸ್. ಪೇಸ್ಟ್ ಚುಕ್ಕೆಯ ಗಾತ್ರವನ್ನು ಮೂರು ಬಗೆ ಮಾಡಿ. ಆಫ್ ಸ್ಥಿತಿಯ ರೋಧ ಗಾತ್ರದೊಂದಿಗೆ ಬದಲಾಗಿ, ಆನ್ ಸ್ಥಿತಿಯದು ಹಾಗೇ ಉಳಿದರೆ ಎಳೆ ಇದೆ. ಮಳೆಗಾಲದ ತೇವ ಅಯಾನುಗಳ ಚಲನೆಯನ್ನು ಬದಲಿಸುವುದರಿಂದ ಮಾದರಿಗಳನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. 0.1 ವೋಲ್ಟಿನಲ್ಲಿ ಓದಿ, ಕನಿಷ್ಠ 30 ಸಾಧನಗಳ ಅಳತೆಯನ್ನು, ಕೆಟ್ಟುಹೋದವನ್ನೂ ಸೇರಿಸಿ, ಪ್ರಬಂಧದಲ್ಲಿ ಕೊಡಿ.