ಮದುವೆಯ ಮರುದಿನ ಯಾರು ಬರುತ್ತಾರೆ?

ಕಟಪಾಡಿಯ ನಿವೃತ್ತ ಅಧ್ಯಾಪಕರೊಬ್ಬರ ಪತ್ರದ ಸಾರ ಇದು: 'ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಬಿಡದ ನೋವು, ದಣಿವಿನ ಕಾಯಿಲೆ) ಇದೆ ಎನ್ನುವ ನನ್ನ ತಂಗಿಯ ಮಗಳು, ನಾನು ನೋಡಲೇಬೇಕೆಂದು "ಅನ್‌ರೆಸ್ಟ್" ಎಂಬ ಸಾಕ್ಷ್ಯಚಿತ್ರವನ್ನು ಹಾಕಿಕೊಟ್ಟಳು. ಒಂದೂವರೆ ಗಂಟೆ ಹಾಸಿಗೆ ಹಿಡಿದವರನ್ನೇ ನೋಡಿದೆ. ಇದರಿಂದ ಯಾರಿಗೇನು ಪ್ರಯೋಜನ? ಕಾಯಿಲೆಯನ್ನು ಗೆದ್ದವರ ಚಿತ್ರ ತೆಗೆದಿದ್ದರೆ ನಾಲ್ಕು ಜನಕ್ಕೆ ಧೈರ್ಯವಾದರೂ ಬರುತ್ತಿತ್ತು. ಹುಡುಗಿಯ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸರಿಯಾಗಿವೆ. ಮೊನ್ನೆ ಉಡುಪಿಯ ಮದುವೆಯಲ್ಲಿ ನಗುನಗುತ್ತಾ ಓಡಾಡಿಕೊಂಡೇ ಇದ್ದಳು.'

ಮಾಷ್ಟ್ರೇ, ತಂಗಿಯ ಮಗಳ ಮಾತಿಗೆ ಓಗೊಟ್ಟು ಒಂದೂವರೆ ಗಂಟೆ ಕುಳಿತಿರಲ್ಲ, ಅದಕ್ಕೆ ನಿಮ್ಮ ಮೇಲಿನ ಗೌರವ ಹೆಚ್ಚಿತು. ಎಷ್ಟು ಮಂದಿ ಮಾವಂದಿರು ಹಾಗೆ ಕುಳಿತಾರು? ನಿಮ್ಮ ಮಾತಿನಲ್ಲಿ ನ್ಯಾಯವಿಲ್ಲ ಎಂದೂ ನಾನು ಹೇಳುವುದಿಲ್ಲ. ಮಲಗುವ ಕೋಣೆಗೆ ಕ್ಯಾಮೆರಾ ನುಗ್ಗಿಸಿ, ನರಳುವ ಮುಖವನ್ನು ಹತ್ತಿರದಿಂದ ಹಿಡಿದು, ಹಿನ್ನೆಲೆಯಲ್ಲಿ ಕೊಳಲು ನುಡಿಸುವ ಚಿತ್ರಗಳು ನನಗೂ ಬೇಡ.

ಆದರೆ ನೀವು ನೋಡಿದ್ದು ಅಂಥ ಚಿತ್ರವಲ್ಲ. ಜೆನಿಫರ್ ಬ್ರಿಯಾ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ತೀವ್ರ ಜ್ವರವೊಂದು ಬಂದುಹೋದ ಮೇಲೆ ಚೇತರಿಸಿಕೊಳ್ಳಲೇ ಇಲ್ಲ. ನರರೋಗ ತಜ್ಞರು ಎಲ್ಲವೂ ಮನಸ್ಸಿನದು ಎಂದರು. ಬಾಯಿಮಾತನ್ನು ನಂಬದ ವೈದ್ಯರಿಗೆ ತೋರಿಸಲೆಂದು ಆಕೆ ಮೊಬೈಲ್‌ನಲ್ಲಿ ತನ್ನನ್ನು ತಾನೇ ಚಿತ್ರಿಸಿಕೊಳ್ಳತೊಡಗಿದರು. 2017ರಲ್ಲಿ ತೆರೆಕಂಡ ಚಿತ್ರ ಹುಟ್ಟಿದ್ದು ಆ ತುಣುಕುಗಳಿಂದ. ಉಳಿದ ರೋಗಿಗಳ ಮನೆಗಳಲ್ಲಿ ನಡೆದ ಚಿತ್ರೀಕರಣವನ್ನು ತನ್ನ ಹಾಸಿಗೆಯಿಂದಲೇ ವೀಡಿಯೊ ಕರೆಯ ಮೂಲಕ ನಿರ್ದೇಶಿಸಿದರು. ಹಾಸಿಗೆ ಹಿಡಿದವರನ್ನು ನೋಡಿದೆ ಎಂದು ಬರೆದಿದ್ದೀರಿ. ನೀವು ನೋಡಿದ್ದು ಹಾಸಿಗೆಯಲ್ಲೇ ದುಡಿಯುತ್ತಿದ್ದ ನಿರ್ದೇಶಕಿಯನ್ನು.

ಆಕೆಯ ಕಾಯಿಲೆ ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್, ಅಂದರೆ ಸ್ವಲ್ಪ ಶ್ರಮಕ್ಕೂ ಮೈ ಕುಸಿಯುವ, ವಿಶ್ರಾಂತಿಗೂ ಬಗ್ಗದ ದಣಿವಿನ ಕಾಯಿಲೆ. ನಿಮ್ಮ ಹುಡುಗಿಯದು ಬೇರೆ. ಆದರೂ ಎರಡರಲ್ಲೂ ದೇಹ ಲೆಕ್ಕ ಚುಕ್ತಾ ಮಾಡುವುದು ತಡವಾಗಿ. ಇವತ್ತು ಓಡಾಡಿದ್ದಕ್ಕೆ ನಾಳೆಯೋ ನಾಡಿದ್ದೋ ಬೆಲೆ ತೆರಬೇಕು. ಮದುವೆಯಲ್ಲಿ ಅವಳನ್ನು ನೋಡಿದಿರಿ, ಸರಿ. ಮರುದಿನ ನೋಡಿದಿರಾ? ತಲೆ ಬಾಚಲು ಕೈ ಎತ್ತಲಾಗದ ಆ ದಿನಕ್ಕೆ ನೆಂಟರು ಬರುವುದಿಲ್ಲ, ಫೋಟೊದವರೂ ಬರುವುದಿಲ್ಲ. ಇಂಥ ಸಾಕ್ಷ್ಯಚಿತ್ರದ ಬೆಲೆ ಇರುವುದು ಅಲ್ಲಿಯೇ: ಅದು ಮರುದಿನವೂ ಮನೆಯಲ್ಲಿ ಉಳಿಯುತ್ತದೆ.

ಪರೀಕ್ಷೆಗಳೆಲ್ಲ ಸರಿ ಇವೆ ಎಂಬ ನಿಮ್ಮ ವಾದಕ್ಕೆ ದೊಡ್ಡ ಚರಿತ್ರೆಯೇ ಇದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ದಾದಿಯರು, ವೈದ್ಯರು ಸೇರಿ ಸುಮಾರು 300 ಮಂದಿ ವಿಚಿತ್ರ ಕಾಯಿಲೆಗೆ ಬಿದ್ದರು. ಆಸ್ಪತ್ರೆಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಮುಚ್ಚಬೇಕಾಯಿತು. ಬ್ರಿಯಾ ಅವರ ಕಾಯಿಲೆಗೆ ಆ ಉದ್ದನೆಯ ಹೆಸರು ಬಂದದ್ದು ಈ ಘಟನೆಯ ಬಳಿಕ. ಹದಿನೈದು ವರ್ಷ ಕಳೆದ ಮೇಲೆ, 1970ರಲ್ಲಿ, ಇಬ್ಬರು ಮನೋವೈದ್ಯರು ಇದು ಸಾಮೂಹಿಕ ಉನ್ಮಾದ ಎಂದು ತೀರ್ಪು ಕೊಟ್ಟರು. ರೋಗಿಗಳಲ್ಲಿ ಒಬ್ಬರನ್ನೂ ಪರೀಕ್ಷಿಸದೆ, ಹಳೆಯ ಕಡತಗಳನ್ನು ಓದಿ! ನರಳಿದವರಲ್ಲಿ ಹೆಂಗಸರೇ ಹೆಚ್ಚು ಎಂಬುದೂ ಅವರಿಗೊಂದು ಪುರಾವೆಯಾಯಿತು. ಇದು ಗಂಭೀರವಾದ ದೈಹಿಕ ಕಾಯಿಲೆ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸ್ಪಷ್ಟವಾಗಿ ಹೇಳಿದ್ದು 2015ರಲ್ಲಿ. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆ ಬೇಡವೆಂದು ಬ್ರಿಟನ್ನಿನ ಮಾರ್ಗಸೂಚಿ ಬದಲಾದದ್ದು 2021ರಲ್ಲಿ. ಅಲ್ಲಿಯವರೆಗೆ 'ಎದ್ದು ನಡೆಯಿರಿ, ಸರಿಹೋಗುತ್ತದೆ' ಎಂಬ ಮಾತು ಕೇಳಿ ನಡೆದು, ಮತ್ತಷ್ಟು ಕೆಟ್ಟವರಿಗೆ ಯಾರು ಉತ್ತರ ಕೊಡಬೇಕು?

ಮಂಗಳೂರಿನ ಹಂಪನಕಟ್ಟೆಯಲ್ಲಿ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಕರಡು ತಿದ್ದುವ ಹೆಣ್ಣುಮಗಳೊಬ್ಬಳಿಗೆ ಲೂಪಸ್, ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಪ್ರತಿ ಮಹಡಿಯ ತಿರುವಿನಲ್ಲೂ ನಿಂತು ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ಚೀಲದಲ್ಲಿ ಹುಡುಕುವಂಥದ್ದೇನೂ ಇರಲಿಲ್ಲ, ಬುತ್ತಿ ಮತ್ತು ಕೊಡೆ ಅಷ್ಟೆ. ಮೆಟ್ಟಿಲಲ್ಲಿ ಸುಮ್ಮನೆ ನಿಂತರೆ ಜನ ಕಾರಣ ಕೇಳುತ್ತಾರೆ, ಕಾರಣ ಹೇಳಿದರೆ 'ನೋಡಲಿಕ್ಕೆ ಚೆನ್ನಾಗಿಯೇ ಇದ್ದೀಯಲ್ಲ' ಎನ್ನುತ್ತಾರೆ. ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡಲಿಲ್ಲವೆಂದು ಅವಳು ಬೈಸಿಕೊಂಡದ್ದೂ ಉಂಟು. ಎಷ್ಟೋ ಸಲ ಎದ್ದು, ಕಂಬಿ ಹಿಡಿದು ಪಡುಬಿದ್ರಿಯಿಂದ ನಿಂತೇ ಬಂದಿದ್ದಾಳೆ.

ಗೆದ್ದವರ ಚಿತ್ರ ಬೇಕು ಎನ್ನುತ್ತೀರಿ. ಅದಕ್ಕೆ ನಮ್ಮಲ್ಲಿ ಬರವೆಲ್ಲಿದೆ? ಶಾಲು, ಹಾರ, ಹಣ್ಣಿನ ಬುಟ್ಟಿ, 'ಛಲಗಾತಿ' ಎಂಬ ತಲೆಬರಹ ದಿನ ಬೆಳಗಾದರೆ ಪತ್ರಿಕೆಗಳಲ್ಲಿವೆ. ಗುಣವೇ ಆಗದ ಕಾಯಿಲೆಯವರು ಆ ವೇದಿಕೆ ಹತ್ತುವುದು ಹೇಗೆ? ಗುಣವಾಗದಿದ್ದದ್ದು ಅವರ ಛಲದ ಕೊರತೆ ಎಂದು ನಾವೇ ಹೇಳಿದಂತಾಗುವುದಿಲ್ಲವೇ?

ಸರಕಾರವೂ ಕಣ್ಣಿಗೆ ಕಂಡದ್ದನ್ನೇ ಮೊದಲು ನಂಬುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಥಲಸೇಮಿಯಾ, ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದ್ದು ಸಂತೋಷ. ಫೈಬ್ರೊಮಯಾಲ್ಜಿಯಾದ ಹೆಸರು ಅಲ್ಲಿಲ್ಲ, ಲೂಪಸ್‌ನದೂ ಇಲ್ಲ. ಹೆಸರಿದ್ದವರೂ ಮುಖ್ಯ ಸವಲತ್ತುಗಳಿಗೆ ಶೇ. 40 ವೈಕಲ್ಯದ ಪ್ರಮಾಣಪತ್ರ ತರಬೇಕು. ಬೆಳಗ್ಗೆ ನಡೆದು ಸಂಜೆ ಏಳಲಾರದವರ ಶೇಕಡಾವಾರು ಯಾವ ಹೊತ್ತಿನದು? ನಮ್ಮ ಕೊಕ್ಕಡದ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಹೊರಗಿನ ಕ್ಯಾಮೆರಾಗಳು ಹುಡುಕಿಕೊಂಡು ಬಂದದ್ದು ಅಂಗ ಊನವಾದ ಮಕ್ಕಳನ್ನು. ಆ ಚಿತ್ರಗಳು ಬೇಕಿದ್ದವು, ದೇಶದ ಕಣ್ಣು ತೆರೆಸಿದವು. ಆದರೆ ಹೊರನೋಟಕ್ಕೆ ಏನೂ ಕಾಣದೆ ಒಳಗೊಳಗೇ ಸವೆದವರ ಮನೆಯ ಮುಂದೆ ಯಾವ ಜೀಪೂ ನಿಲ್ಲಲಿಲ್ಲ.

ಕಂಬಳ, ನೇಮ, ಯಕ್ಷಗಾನ ಎಲ್ಲಕ್ಕೂ ಡ್ರೋನ್ ಹಾರಿಸುವ ಊರು ನಮ್ಮದು. ಮಣಿಪಾಲದಿಂದ ದೇರಳಕಟ್ಟೆಯವರೆಗೆ ವೈದ್ಯಕೀಯ ಕಾಲೇಜುಗಳೂ ಇವೆ, ಕ್ಯಾಮೆರಾ ಕಲಿಯುವ ಮಕ್ಕಳೂ ಇದ್ದಾರೆ. ಅವರಲ್ಲಿ ಯಾರಾದರೂ ಇಂಥ ಮನೆಯೊಂದರಲ್ಲಿ ಒಂದು ವಾರ ಕುಳಿತುಕೊಳ್ಳಲಿ ಎಂದು ಈ ಪುಟದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಮಾಷ್ಟ್ರೇ, ನಿಮ್ಮಿಂದ ಒಂದು ಉಪಕಾರವಾಗಬೇಕು. ಆ ಹುಡುಗಿಗೆ ಮನಸ್ಸಿದ್ದರೆ ನಮಗಾಗಿ ಬರೆಯಲು ಹೇಳಿ. ಗಡುವು ಹಾಕುವುದಿಲ್ಲ. ಮಲಗಿಕೊಂಡೇ ಮೊಬೈಲ್‌ನಲ್ಲಿ ಮಾತಾಡಿ ಕಳುಹಿಸಿದರೂ ನಮ್ಮವರು ಅಕ್ಷರಕ್ಕಿಳಿಸಿಕೊಳ್ಳುತ್ತಾರೆ. ಹೆಸರು ಹಾಕುವುದೋ ಬೇಡವೋ ಎಂಬುದನ್ನು ಅವಳೇ ಹೇಳಲಿ, ನೀವು ಹೇಳುವುದು ಬೇಡ.