ಎದೆಯೊಳಗಿನ ರಕ್ತದ ಗಡ್ಡೆಯನ್ನು ಸೂಜಿ ಹಾಕಿ ತೆಗೆಸಿದರೆ ಸಾಲದೇ?

ನಿಮ್ಮ ತಾಯಿಗೆ ಹಿಂದೆ ಟಿಬಿ ಆಗಿತ್ತು, ಈಗ ಕೆಮ್ಮಿದರೆ ರಕ್ತ ಬರುತ್ತಿದೆ, ಸಿಟಿ ಸ್ಕ್ಯಾನಿನಲ್ಲಿ ಎದೆಯೊಳಗೆ ರಕ್ತ ತುಂಬಿದ ಗಡ್ಡೆ ಕಂಡಿದೆ, ಸೂಜಿ ಹಾಕಿ ತೆಗೆಸಿದರೆ ಸಾಲದೇ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಅಪ್ಪಾಜಿಗೆ ಇದೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಾವು ದಾವಣಗೆರೆಯವರು. ಅಪ್ಪಾಜಿ ಹತ್ತಿ ಮಿಲ್ಲಿನಲ್ಲಿ ದುಡಿದವರು. ಹರೆಯದಲ್ಲೇ ಟಿಬಿ ಬಂದು ವಾಸಿಯಾಗಿತ್ತು. ಎಲೆಅಡಿಕೆ ಹಾಕುತ್ತಿದ್ದರು, ಹಾಗಾಗಿ ಉಗುಳು ಕೆಂಪಗಿದ್ದರೆ ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಒಂದು ದಿನ ಬೆಳಿಗ್ಗೆ, ಇನ್ನೂ ಬಾಯಿಗೆ ಎಲೆ ಹಾಕಿರಲಿಲ್ಲ, ಬಚ್ಚಲಲ್ಲಿ ಕೆಮ್ಮಿದರು. ಬಿಳಿ ಟವೆಲ್ ತುಂಬಾ ರಕ್ತ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲು ಟಿಬಿ ಮರುಕಳಿಸಿದೆ ಅಂದರು. ಕಫದಲ್ಲಿ ಏನೂ ಸಿಗಲಿಲ್ಲ. ಆಮೇಲೆ ಕ್ಯಾನ್ಸರ್ ಇರಬಹುದು ಅಂದರು. ಸೂಜಿ ಹಾಕಿದಾಗ ಜೋನಿ ಬೆಲ್ಲದ ಬಣ್ಣದ ಹಳೇ ರಕ್ತ ಬಂತು, ಕ್ಯಾನ್ಸರ್ ಕಾಣಲಿಲ್ಲ. ನಾವು ನಿರಾಳವಾದೆವು. ಕೆಲವೇ ತಿಂಗಳಲ್ಲಿ ಗಡ್ಡೆ ಮತ್ತೆ ತುಂಬಿಕೊಂಡಿತು.

ಯಾಕೆ ಅಂತ ಬಿಡಿಸಿ ಹೇಳಿದ್ದು ಬೆಂಗಳೂರಿನ ಒಬ್ಬ ಎದೆ ಸರ್ಜನ್. ಇದಕ್ಕೆ ಕ್ರಾನಿಕ್ ಎಕ್ಸ್‌ಪ್ಯಾಂಡಿಂಗ್ ಹೆಮಟೋಮಾ ಅನ್ನುತ್ತಾರೆ. ತೀರಾ ಅಪರೂಪ. ಹಳೇ ಟಿಬಿ, ಪೆಟ್ಟು ಅಥವಾ ಆಪರೇಷನ್ ಆಗಿ ಹತ್ತಾರು ವರ್ಷದ ಮೇಲೂ ಕಾಣಿಸಬಹುದು. ನಿಂತ ರಕ್ತದ ಸುತ್ತ ದಪ್ಪ ಗೋಡೆ ಕಟ್ಟುತ್ತದೆ. ಒಳಗಿನ ಹಳೇ ರಕ್ತ ಆ ಗೋಡೆಯನ್ನು ಕೆಣಕುತ್ತದೆ. ಅಲ್ಲಿ ಹೊಸ ಸಣ್ಣ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಹೀಗೇ ಬೆಳೆಯುತ್ತಾ ಹೋಗುತ್ತದೆ. ಶ್ವಾಸನಾಳಕ್ಕೆ ದಾರಿಯಾಯಿತೋ, ಕೆಮ್ಮಿನಲ್ಲಿ ರಕ್ತ. ಅದಕ್ಕೇ ಒಳಗಿನದನ್ನಷ್ಟೇ ಹೀರಿದರೆ ಸಾಲದು, ಗೋಡೆ ಸಮೇತ ತೆಗೆಯಬೇಕು. ಸುಮ್ನೆ ಮತ್ತೆ ಮತ್ತೆ ಸೂಜಿ ಹಾಕಿಸಿದರೆ ಸೋಂಕಿನ ಭಯ ಬೇರೆ.

ಆಪರೇಷನ್ ದೊಡ್ಡದೇ, ಸುಳ್ಳು ಹೇಳುವುದಿಲ್ಲ. ರಕ್ತ ಜಾಸ್ತಿ ಹೋಗಬಹುದು ಅಂತ ಗಡ್ಡೆಗೆ ರಕ್ತ ಒಯ್ಯುವ ನಾಳಗಳನ್ನು ಮೊದಲೇ ಮುಚ್ಚಿದರು, ಎಂಬೊಲೈಸೇಷನ್ ಅಂತ. ಹೊರತೆಗೆದ ಗೋಡೆ ತೆಂಗಿನ ಚಿಪ್ಪಿನಷ್ಟು ಗಟ್ಟಿ ಇತ್ತು. ಅದನ್ನು ಪರೀಕ್ಷೆಗೆ ಕಳಿಸಿದ ಮೇಲೆಯೇ ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗಿದ್ದು. ನಿಮ್ಮ ತಾಯಿಗೆ ಈ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದೆಯಾ ಅಂತ ಉಸಿರಾಟದ ಪರೀಕ್ಷೆ ಮಾಡಿ ಡಾಕ್ಟರೇ ಹೇಳಬೇಕು.

ಹಳೇ ಎಕ್ಸ್‌ರೇ ಎಲ್ಲಾ ಹುಡುಕಿ ತೆಗೆದುಕೊಂಡು ಎದೆ ಸರ್ಜನ್ ಹತ್ತಿರ ಹೋಗಿ. ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಬೆಳೆದಿದೆ ಅಂತ ತಿಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ. ಒಮ್ಮೆಲೇ ಜಾಸ್ತಿ ರಕ್ತ ಬಂದರೆ ಗಡ್ಡೆ ಇರುವ ಮಗ್ಗುಲು ಕೆಳಗೆ ಬರುವ ಹಾಗೆ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಿ.