ಸಂಪಾದಕರ ಉತ್ತರ: ಡಬಲ್ಸ್ ಅಂದರೆ ಅರ್ಧ ಆಟವೇ?

ಹಾಸನದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ನಿವೃತ್ತಿ ಬಗ್ಗೆ ನಾವು ಹಾಕಿದ ಲೇಖನ ಅವರಿಗೆ ಹಿಡಿಸಿಲ್ಲ. ಒಬ್ಬೊಬ್ಬರೇ ಆಡುವ ಸಿಂಗಲ್ಸ್‌ನಲ್ಲಿ ದಡ ಸೇರದವರು ಜೋಡಿಯಾಗಿ ಆಡುವ ಡಬಲ್ಸ್ ಕಡೆ ಹೋಗುತ್ತಾರೆ, ಅಲ್ಲಿ ಓಡಾಟವೂ ಕಡಿಮೆ, ಪೈಪೋಟಿಯೂ ಕಡಿಮೆ, ಅದಕ್ಕೇ 43ನೇ ವಯಸ್ಸಿನಲ್ಲೂ ಗೆಲ್ಲಲು ಆಯಿತು, ಇಷ್ಟಕ್ಕೆ ಅಷ್ಟೊಂದು ಹೊಗಳಿಕೆ ಯಾಕೆ ಎನ್ನುವುದು ಅವರ ಪ್ರಶ್ನೆ. ಲೇಖನದ ಒಂದು ತಪ್ಪನ್ನೂ ಹಿಡಿದಿದ್ದಾರೆ.

ಪ್ರಿಯ ಓದುಗರೇ,

ಮೊದಲು ತಪ್ಪಿನ ವಿಚಾರ. 2024ರ ಆಸ್ಟ್ರೇಲಿಯನ್ ಓಪನ್ ಬೋಪಣ್ಣ ಅವರ ಮೊದಲ ಗ್ರ್ಯಾಂಡ್‌ಸ್ಲಾಂ (ಟೆನಿಸ್‌ನ ನಾಲ್ಕು ದೊಡ್ಡ ಪಂದ್ಯಾವಳಿಗಳಲ್ಲಿ ಒಂದರ ಗೆಲುವು) ಎಂದು ನಾವು ಬರೆದೆವು. ಅದು ಪುರುಷರ ಡಬಲ್ಸ್‌ನಲ್ಲಿ ಮೊದಲನೆಯದು. 2017ರಲ್ಲೇ ಅವರು ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಿದ್ದರು. ಆ ಫೈನಲ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ (ಇನ್ನೊಂದು ಪಾಯಿಂಟ್ ಹೋದರೆ ಸೋಲು ಎನ್ನುವ ಸ್ಥಿತಿ) ಉಳಿಸಿಕೊಂಡು, ಸಮಬಲ ಮುರಿಯಲು ಆಡುವ ಕೊನೆಯ ಟೈಬ್ರೇಕ್ 12-10ರಲ್ಲಿ ಗೆದ್ದದ್ದು. ಅದನ್ನು ಬಿಟ್ಟದ್ದು ನನ್ನ ಕಣ್ತಪ್ಪು. ತಿದ್ದಿದ್ದಕ್ಕೆ ಧನ್ಯವಾದ.

ಸಿಂಗಲ್ಸ್ ಲೆಕ್ಕವೂ ನೀವು ಹೇಳಿದಂತೆಯೇ ಇದೆ. ಅವರು 2007ರಲ್ಲಿ ವಿಶ್ವ ಶ್ರೇಯಾಂಕದ 213ನೇ ಸ್ಥಾನಕ್ಕೆ ಏರಿದರು, ಅದಕ್ಕಿಂತ ಮೇಲೆ ಹೋಗಲಿಲ್ಲ. ಆದರೆ ಅದೇ ಕಾರಣಕ್ಕೆ ಅವರಿಗೆ ಸಿಂಗಲ್ಸ್ ಆಡೋಕೇ ಬರುತ್ತಿರಲಿಲ್ಲ ಅನ್ನುವಂತಿಲ್ಲ. 2010ರ ಸೆಪ್ಟೆಂಬರ್ ನೆನಪಿದೆಯಾ? ಆ ತಿಂಗಳು ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿ ಜೊತೆ ಯುಎಸ್ ಓಪನ್ ಫೈನಲ್ ಆಡಿದ್ದರು. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಅಕ್ಕಪಕ್ಕ ಕೂತು ಆ ಪಂದ್ಯ ನೋಡಿದರು. ಅಮೆರಿಕದ ಬ್ರಯನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ಗೆ ಹೋಗಿ ಸೋತರು. ಅದಾಗಿ ಹತ್ತು ದಿನವೂ ಕಳೆದಿರಲಿಲ್ಲ, ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್, ದೇಶ ದೇಶಗಳ ತಂಡಗಳು ಐದು ಪಂದ್ಯಗಳಲ್ಲಿ ಸೆಣಸುವ ಟೂರ್ನಿ. ಮೊದಲ ದಿನ ಭಾರತ ಎರಡೂ ಸಿಂಗಲ್ಸ್ ಸೋತಿತು, ಅದರಲ್ಲಿ ಒಂದು ಬೋಪಣ್ಣ ಅವರದ್ದೇ. ಆಮೇಲೆ ತಂಡ 2-2ಕ್ಕೆ ಬಂತು. ಐದನೇ ಪಂದ್ಯಕ್ಕೆ ಇಳಿದ ಬೋಪಣ್ಣ, ರಿಕಾರ್ಡೊ ಮೆಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಅದು ಸಿಂಗಲ್ಸ್ ಪಂದ್ಯ ಸ್ವಾಮಿ! ಭಾರತ ಡೇವಿಸ್ ಕಪ್‌ನ ಮೇಲಿನ ದರ್ಜೆಯಾದ ವಿಶ್ವ ಗುಂಪಿನಲ್ಲಿ ಉಳಿದದ್ದು ಅದರಿಂದ.

ಇನ್ನು ಓಡಾಟದ ಮಾತು. ಸಿಂಗಲ್ಸ್ ಅಂಕಣ 27 ಅಡಿ ಅಗಲ, ಡಬಲ್ಸ್‌ಗೆ ಎರಡೂ ಪಕ್ಕ ನಾಲ್ಕೂವರೆ ಅಡಿ ಸೇರಿ 36 ಅಡಿ. ಇಬ್ಬರು ಹಂಚಿಕೊಳ್ಳುವುದರಿಂದ ಓಡುವುದು ಕಡಿಮೆ, ಒಪ್ಪಿದೆ. ಆದರೆ ಯೋಚಿಸಲು ಸಿಗುವ ಸಮಯ ಅದಕ್ಕಿಂತ ಕಡಿಮೆ. ನಾಲ್ಕು ಜನ ನೆಟ್ ಹತ್ತಿರ ನಿಂತಾಗ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಎದೆಗೆ ಬಂದಿರುತ್ತದೆ. ಜೊತೆಗಾರ ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡುತ್ತಾನೆ, ಸರ್ವ್ (ಆಟ ಶುರು ಮಾಡುವ ಹೊಡೆತ) ಎಲ್ಲಿಗೆ, ತಾನು ಅಡ್ಡ ಹಾಯುತ್ತೇನೋ ಇಲ್ಲವೋ ಎಂದು. ಸರ್ವ್ ಒಂದು ಅಡಿ ಆಚೀಚೆ ಹೋದರೂ ಆ ಲೆಕ್ಕವೆಲ್ಲ ಕೆಡುತ್ತದೆ. ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಪಂದ್ಯಾವಳಿಗಳ ಡಬಲ್ಸ್‌ನಲ್ಲಿ 40-40 ಆದ ಮೇಲೆ ಒಂದೇ ಪಾಯಿಂಟ್, ಅಲ್ಲಿಗೆ ಗೇಮ್ ಮುಗಿಯಿತು. ಸೆಟ್ 1-1 ಆದರೆ ಮೂರನೆಯದರ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್. ಒಂದು ತಪ್ಪು ಮಾಡಿ ಸುಧಾರಿಸಿಕೊಳ್ಳೋಣ ಅಂದರೆ ಜಾಗವೇ ಇರುವುದಿಲ್ಲ.

ದುಡ್ಡಂತೂ ಸಿಂಗಲ್ಸ್‌ಗೆ ಹೋಲಿಸಿದರೆ ತೀರಾ ಕಡಿಮೆ. 2024ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಜೋಡಿಗೆ 7.3 ಲಕ್ಷ, ಅದರಲ್ಲೂ ಇಬ್ಬರ ಪಾಲು.

ಈಗ 43ನೇ ವಯಸ್ಸಿನ ವಿಚಾರ. ನನ್ನ ಮನಸ್ಸು ಹೆಚ್ಚು ತಂಗುವುದು ಇಲ್ಲೇ. ಬೋಪಣ್ಣ ಅವರ ಎರಡೂ ಮಂಡಿಗಳಲ್ಲಿ ಮೂಳೆಗಳ ನಡುವಿನ ಮೆತ್ತೆ ಸವೆದು ಹೋಗಿತ್ತು. ದಿನಾ ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. 2020ರ ಕೊರೊನಾ ಕಾಲದಲ್ಲಿ ಅಯ್ಯಂಗಾರ್ ಯೋಗ ಶುರು ಮಾಡಿದರು. (ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ ಅದು. ನಮ್ಮ ನೆಲದ್ದು ನಮ್ಮವರಿಗೇ ಕೈಹಿಡಿಯಿತು ಎಂದು ನನಗೆ ಬಹಳ ಖುಷಿ.) ಮಂಡಿ ಸುತ್ತಲಿನ ಸ್ನಾಯು ಗಟ್ಟಿಯಾಯಿತು, ಮಾತ್ರೆ ಬಿಟ್ಟರು.

ಆದರೂ ಗೆಲುವು ಕೂಡಲೇ ಬರಲಿಲ್ಲ. 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಾಗಲಿಲ್ಲ. ಇನ್ನು ಸಾಕು ಎಂದು ಹೆಂಡತಿಗೆ ವಿಡಿಯೊ ಮಾಡಿ ಕಳಿಸಿದ್ದರಂತೆ. ಅಂಥ ಸ್ಥಿತಿಯಲ್ಲಿದ್ದವರು 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆ ಅಮೆರಿಕದ ಇಂಡಿಯನ್ ವೆಲ್ಸ್ ಪಂದ್ಯಾವಳಿ ಗೆದ್ದರು, ಯುಎಸ್ ಓಪನ್ ಫೈನಲ್ ತಲುಪಿದರು. 2024ರ ಜನವರಿ 27, ಶನಿವಾರ, ಎಬ್ಡನ್ ಜೊತೆಗೇ ಆಸ್ಟ್ರೇಲಿಯನ್ ಓಪನ್ ಫೈನಲ್. ಇಟಲಿಯ ಬೊಲೆಲ್ಲಿ, ವಾವಸ್ಸೊರಿ ಎದುರು ಮೊದಲ ಸೆಟ್‌ನ ಟೈಬ್ರೇಕ್ 7-0. ನಾನು ಟಿವಿ ಮುಂದೆ ಎದ್ದು ನಿಂತೇ ನೋಡಿದೆ. ಎರಡನೇ ಸೆಟ್ 7-5. ಎರಡು ದಿನದ ಮೇಲೆ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ಆ ಜಾಗಕ್ಕೆ ಬಂದವರು ಇನ್ನೊಬ್ಬರಿಲ್ಲ. ಪೈಪೋಟಿ ಕಡಿಮೆ ಇದ್ದಿದ್ದರೆ ಇದು ಅವರಿಗೆ 33ರಲ್ಲೇ ಸಿಗಬೇಕಿತ್ತಲ್ವಾ? 2013ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತನಕ ಬಂದು ಸೋತವರು ಅವರು, 2015ರಲ್ಲಿ ಮತ್ತೆ ಅದೇ ಆಯಿತು.

ಅವರ ವಿದಾಯದ ಮಾತುಗಳಲ್ಲಿ ಒಂದು ಸಂಗತಿ ನನಗೆ ತುಂಬಾ ಹಿಡಿಸಿತು. ಸರ್ವ್‌ಗೆ ಬಲ ಬರಲಿ ಎಂದು ಕೊಡಗಿನಲ್ಲಿ ಸೌದೆ ಒಡೆಯುತ್ತಿದ್ದರು, ಕಾಫಿ ತೋಟದಲ್ಲಿ ಓಡುತ್ತಿದ್ದರು. ನೀವೂ ಕಾಫಿ ಬೆಳೆಯುವವರು ಎಂದು ಬರೆದಿದ್ದೀರಿ. ಆ ಏರುತಗ್ಗಿನಲ್ಲಿ ಓಡುವುದು ಎಂಥ ಕೆಲಸ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

2025ರ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ ಕಜಾಕಿಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ ಆಡಿದ್ದು ಅವರ ಕೊನೆಯ ಪಂದ್ಯ. ಹತ್ತು ಪಾಯಿಂಟ್‌ನ ಟೈಬ್ರೇಕ್‌ನಲ್ಲಿ 10-8ಕ್ಕೆ ಸೋತರು. ನವೆಂಬರ್ 1ಕ್ಕೆ ನಿವೃತ್ತಿ ಹೇಳಿದರು. ಆಗ ವಯಸ್ಸು 45, ಕೈಯಲ್ಲಿ 26 ಎಟಿಪಿ ಡಬಲ್ಸ್ ಪ್ರಶಸ್ತಿ.

ಯಾವುದಾದರೂ ಒಂದು ಪಂದ್ಯ ಹೇಳಿ, ನೋಡಿ ತೀರ್ಮಾನಿಸುತ್ತೇನೆ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಮೆಲ್ಬರ್ನ್ ಫೈನಲ್ ನೋಡಿ. ಚೆಂಡನ್ನು ಹೊಡೆಯುವವರನ್ನು ಬಿಟ್ಟು, ನೆಟ್ ಬಳಿ ಸುಮ್ನೆ ನಿಂತಂತೆ ಕಾಣುವವರ ಕಾಲುಗಳ ಮೇಲೆ ಕಣ್ಣಿಡಿ. ಆಮೇಲೂ ನಿಮ್ಮ ಅಭಿಪ್ರಾಯ ಅದೇ ಆಗಿದ್ದರೆ ಬರೆದು ಕಳಿಸಿ, ಖಂಡಿತ ಹಾಕುತ್ತೇನೆ.

– ಸಂಪಾದಕ